ಮನೆಗೊಂದು ಸರ್ವರ್, ಸರ್ವರ್‌ಗೊಂದು ಕಾರ್ಡು

ಓದಕ್ಕ: ಹತ್ತು ಪಟ್ಟು ವೇಗ ತಗೊಂಡು ಏನು ಮಾಡೋಣ ಅಂತ? ನಾನು ಓದೋ ವೇಗ ಜಾಸ್ತಿಯಾಗುತ್ತಾ?

ಕನ್ನಡಕದವರು: ಓದೋದಲ್ಲ ಕಣೇ. ಓದಿದ್ದು ಹೋಗೋದು.

ಓದಕ್ಕ: ಹೋಗೋದು ಎಲ್ಲಿಗೆ?

ಕನ್ನಡಕದವರು: ನಿನ್ನ ಕೋಣೆಯಿಂದ ಮೆಟ್ಟಿಲ ಕೆಳಗಿನ ಗೂಡಿಗೆ.

ಓದಕ್ಕ: ಮಧ್ಯೆ ಇರೋದು ಒಂದೇ ಗೋಡೆ! ಊಟಕ್ಕೆ ಕೂಗಿದರೆ ಅದೇ ಗೋಡೆ ದಾಟಿ ಬರೋಕೆ ನಿಮಗೆ ಅರ್ಧ ಗಂಟೆ ಬೇಕು. ಆಗ ಎಲ್ಲಿ ಹೋಗಿರುತ್ತೆ ಈ ಅವಸರ?

ಊಟದ ಮೇಜಿನ ಮೇಲೆ ಹಳೆಯ ಕಂಪ್ಯೂಟರೊಂದು ಮುಚ್ಚಳ ಬಿಚ್ಚಿಸಿಕೊಂಡು, ಕರುಳೆಲ್ಲ ತೋರಿಸಿಕೊಂಡು ಅಂಗಾತ ಮಲಗಿತ್ತು. ಪಕ್ಕದಲ್ಲಿ ಎರಡು ನೆಟ್‌ವರ್ಕ್ ಕಾರ್ಡು. ಒಂದು ಅಂಗೈಯಗಲದ, ಬಡಪಾಯಿ ಮುಖದ ಹಸಿರು ಹಲಗೆ. ಇನ್ನೊಂದು ಉದ್ದವಾಗಿ, ಬೆನ್ನ ಮೇಲೆ ಅಲ್ಯೂಮಿನಿಯಂ ಹಲ್ಲುಗಳ ಸಾಲು ಹೊತ್ತು, ಯಾವುದೋ ದೊಡ್ಡ ಕಂಪನಿಯ ಸೇವೆಯಿಂದ ನಿವೃತ್ತಿಯಾಗಿ ಬಂದ ಗತ್ತಿನಲ್ಲಿ ಕೂತಿತ್ತು. ಹಳೇ ಸಾಮಾನಿನ ಅಂಗಡಿಯವನು "ಎರಡನ್ನೂ ಒಯ್ದು ನೋಡಿ, ಬೇಡದ್ದನ್ನು ವಾಪಸ್ ತನ್ನಿ" ಎಂದು ಕೊಟ್ಟು ಕಳಿಸಿದ್ದ. ಗಂಡ ಹೆಂಡತಿ ಮಧ್ಯೆ ಜಗಳ ಹಚ್ಚುವುದಕ್ಕೆ ಇದಕ್ಕಿಂತ ಸುಲಭದ ದಾರಿ ಅವನಿಗೂ ಹೊಳೆದಿರಲಿಕ್ಕಿಲ್ಲ.

ಅವರದು ಕನ್ನಡಕದ ಅಂಗಡಿ; ಹಾಗಾಗಿ ಬೀದಿಗೆಲ್ಲ ಅವರು ಕನ್ನಡಕದವರು. ಅವಳು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಹಾಗಾಗಿ ಕೇಳುವವರಿಗೆಲ್ಲ ಅವಳು ಓದಕ್ಕ. ಕಣ್ಣು ಸ್ವಲ್ಪ ಮಂಜಾದವರು ಅವರ ಗಿರಾಕಿ, ಪೂರ್ತಿ ಕೈಕೊಟ್ಟವರು ಇವಳ ಗಿರಾಕಿ. ಹೋದ ವರ್ಷ ಒಂದು ಕಾದಂಬರಿ ಅರ್ಧ ಆಗಿದ್ದಾಗ ಲ್ಯಾಪ್‌ಟಾಪಿನ ಡಿಸ್ಕು ಕೆಟ್ಟು, ಓದಿದ್ದೆಲ್ಲ ನೀರುಪಾಲಾಗಿತ್ತು. ಆವತ್ತೇ ಕನ್ನಡಕದವರು ಮಾತು ಕೊಟ್ಟಿದ್ದರು: "ಮನೆಯಲ್ಲೇ ಒಂದು ಸರ್ವರ್ ಮಾಡಿಕೊಡ್ತೀನಿ. ನೀನು ಓದಿದ್ದೆಲ್ಲ ಅದರಲ್ಲಿ ಭದ್ರ. ಕೇಳೋರು ನೇರ ಅಲ್ಲಿಂದಲೇ ತಗೊಳ್ಳಲಿ." ಕೆಳಗಿನ ಕ್ಲಿನಿಕ್ಕಿನವರು ಬಿಸಾಡಲಿದ್ದ ಕಂಪ್ಯೂಟರು ಸಿಕ್ಕಿತು. ದುಡ್ಡು ಕೇಳದ ಲಿನಕ್ಸ್ ತಂತ್ರಾಂಶ ಅದರೊಳಗೆ ಕೂತಿತು. ಎಲ್ಲ ಸರಿಹೋಯಿತು ಅನ್ನುವಾಗ ಒಂದು ಸಿಡಿಲು ಬಡಿದು, ಕಂಪ್ಯೂಟರು ಉಳಿದು, ನೆಟ್‌ವರ್ಕ್ ತಂತಿ ಸಿಕ್ಕಿಸುವ ಅದರ ಬಾಯಿ ಮಾತ್ರ ಸುಟ್ಟುಹೋಯಿತು. ಹೊಸ ಬಾಯಿ ಕೊಡಿಸುವುದಕ್ಕೇ ಈ ಕಾರ್ಡು.

ಇತ್ತ ಹೊಸ ಲ್ಯಾಪ್‌ಟಾಪೂ ಈಚೆಗೆ ಕರಕರ ಅನ್ನತೊಡಗಿತ್ತು. ಓದಕ್ಕನ ಗಂಟಲೂ ಅದಕ್ಕೆ ಜೊತೆ ಕೊಡುತ್ತಿತ್ತು. "ಮಾತು ಕಡಿಮೆ ಮಾಡಿ" ಎಂದಿದ್ದರು ಡಾಕ್ಟರು. ಕಡಿಮೆ ಮಾಡಲು ಈ ಮನುಷ್ಯ ಬಿಡಬೇಕಲ್ಲ!

ಓದಕ್ಕ: ಸರಿ. ಈ ಕಡೆ ಹತ್ತು ಪಟ್ಟು ವೇಗ. ಆ ಕಡೆ ಗೋಡೆ ಮೇಲೆ ದೀಪ ಮಿನುಗಿಸ್ತಾ ಕೂತಿದೆಯಲ್ಲ ರೂಟರು, ಅದರದ್ದು ಎಷ್ಟು?

ಕನ್ನಡಕದವರು: ಅದು... ಮಾಮೂಲಿ.

ಓದಕ್ಕ: ಮಾಮೂಲಿ ಅಂದ್ರೆ ಈ ಚಿಕ್ಕ ಕಾರ್ಡಿನಷ್ಟೇ ಅಲ್ವಾ?

ಕನ್ನಡಕದವರು: ಮುಂದೆ ಅದನ್ನೂ ಬದಲಾಯಿಸೋಣ.

ಓದಕ್ಕ: ಆಮೇಲೆ?

ಕನ್ನಡಕದವರು: ತಂತಿ.

ಓದಕ್ಕ: ಆಮೇಲೆ?

ಕನ್ನಡಕದವರು: ನಿನ್ನ ಲ್ಯಾಪ್‌ಟಾಪು.

ಓದಕ್ಕ: ಆಮೇಲೆ ಹೆಂಡತಿ?

ಕನ್ನಡಕದವರು: ಅಷ್ಟಕ್ಕೆ ಬಜೆಟ್ ಇಲ್ಲ.

ಓದಕ್ಕ ಚಿಕ್ಕ ಕಾರ್ಡನ್ನು ಎತ್ತಿ ಅವರ ಮೂಗಿನ ಕೆಳಗೆ ಹಿಡಿದಳು.

ಓದಕ್ಕ: ಇದನ್ನು ಹಾಕಿದ ತಕ್ಷಣ ಲಿನಕ್ಸ್ ಗುರುತು ಹಿಡಿಯುತ್ತೆ ಅಂತ ನೀವೇ ಹೇಳಿದ್ರಿ.

ಕನ್ನಡಕದವರು: ಹಿಡಿಯುತ್ತೆ. ಅದನ್ನು ನಡೆಸೋ ಡ್ರೈವರ್ ಲಿನಕ್ಸ್ ಒಳಗೇ ಇದೆ. ದೊಡ್ಡ ಕಾರ್ಡಿಗೆ ಬೇರೆ ಡ್ರೈವರ್ ಹುಡುಕಿ ತರಬೇಕು, ಅಷ್ಟೆ.

ಒಳಗೆ ಬಟ್ಟೆ ಮಡಚುತ್ತಿದ್ದ ಅತ್ತೆಯ ಕೈ ನಿಂತಿತು. ಅವರ ಕಿವಿಯದ್ದು ಒಂದು ವಿಶೇಷ: ಕೇಳಿಸುತ್ತಿತ್ತು, ಆದರೆ ಕೊನೆಯ ಅಕ್ಷರಗಳ ಬಗ್ಗೆ ಅದು ಅಷ್ಟಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಡಚದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದರು.

ಅತ್ತೆ: ದೊಡ್ಡದಕ್ಕೆ ಡ್ರೈವರ್ ಬೇಕಾಗುತ್ತಾ ಮಗ?

ಕನ್ನಡಕದವರು: ಬೇಕಮ್ಮ. ಡ್ರೈವರ್ ಇಲ್ಲದಿದ್ರೆ ಸುಮ್ಮನೆ ನಿಂತಿರುತ್ತೆ.

ಅತ್ತೆ: ಅದು ಸರಿ. ನಿನಗಂತೂ ಓಡಿಸೋಕೆ ಬರೋದಿಲ್ಲ. ಎಷ್ಟು ಡೋರಿದೆ?

ಕನ್ನಡಕದವರು: ಪೋರ್ಟಾ? ಎರಡು.

ಅತ್ತೆ: ಎರಡೇನಾ? ನಾಲ್ಕಿದ್ರೆ ಹತ್ತೋಕೆ ಇಳಿಯೋಕೆ ಸಲೀಸು. ಆದರೂ ತಗೊಳ್ಳೋದಾದ್ರೆ ದೊಡ್ಡದನ್ನೇ ತಗೋ. ಚಿಕ್ಕದು ಯಾರು ನೋಡ್ತಾರೆ?

ಕನ್ನಡಕದವರು: ಕೇಳಿಸ್ತೇನೇ? ಅಮ್ಮನಿಗೆ ಅರ್ಥ ಆಯ್ತು, ನಿನಗಾಗಲಿಲ್ಲ.

ಓದಕ್ಕ: ಅತ್ತೇ, ನೀವು ಇದರ ಮಧ್ಯೆ ಬರಬೇಡಿ.

ಅತ್ತೆ: ಬರೋದಿಲ್ಲಮ್ಮ. ಒಂದೇ ಮಾತು ಕೇಳ್ತೀನಿ. ಈ ಸರ್ವರ್ ಅಂತೀರಲ್ಲ, ಮನೆಯಲ್ಲೇ ಇರೋದಾ, ಬಂದು ಹೋಗೋದಾ?

ಕನ್ನಡಕದವರು: ಮನೆಯಲ್ಲೇ ಅಮ್ಮ. ಹಗಲೂ ರಾತ್ರಿ.

ಅತ್ತೆ: ಮಲಗೋದು?

ಕನ್ನಡಕದವರು: ಮಲಗೋದೇ ಇಲ್ಲ. ಮಲಗಿದ್ರೆ ಅದೆಂಥಾ ಸರ್ವರ್?

ಅತ್ತೆ: ಅಯ್ಯೋ ಪಾಪ! ಜಾಗ ಎಲ್ಲಿ ಕೊಡ್ತೀಯ?

ಕನ್ನಡಕದವರು: ಮೆಟ್ಟಿಲ ಕೆಳಗಿನ ಗೂಡಲ್ಲಿ. ಒಂದು ಫ್ಯಾನ್ ಇದೆ, ಸಾಕು.

ಅತ್ತೆ: ಅಲ್ಲಿ ನೆಟ್ಟಗೆ ನಿಲ್ಲೋಕೂ ಆಗೋದಿಲ್ಲ!

ಕನ್ನಡಕದವರು: ಅಡ್ಡ ಮಲಗಿಸ್ತೀನಿ.

ಅತ್ತೆ: ಈಗ ತಾನೇ ಮಲಗೋದಿಲ್ಲ ಅಂದೆ!

ಕನ್ನಡಕದವರು ಅಷ್ಟರಲ್ಲಿ ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡಿದ್ದರು. ಅತ್ತೆ ಮಗನ ಕಲ್ಲೆದೆಗೆ ಮರುಗುತ್ತಾ, ಸಿರಿವಂತಿಕೆಗೆ ಹಿಗ್ಗುತ್ತಾ, ಟವೆಲ್ ಹೆಗಲಿನಲ್ಲೇ ಇಟ್ಟುಕೊಂಡು ಎದುರುಮನೆಯ ಟೈಲರಮ್ಮನ ಕಡೆ ಹೊರಟರು. ಓದಕ್ಕ ನೋಡಿದಳು, ಆದರೆ ತಡೆಯಲಿಲ್ಲ. ಅವಳ ಕಣ್ಣು ಗಂಡನ ಕೈಮೇಲಿತ್ತು. ಅವರು ದೊಡ್ಡ ಕಾರ್ಡನ್ನು ಕಂಪ್ಯೂಟರಿಗೆ ತುರುಕುತ್ತಿದ್ದರು.

ಓದಕ್ಕ: ಮುಚ್ಚಳ ಹಾಕಿ ನೋಡೋಣ.

ಕನ್ನಡಕದವರು: ಹಾಕ್ತೀನಿ.

ಓದಕ್ಕ: ಹಾಕಿ.

ಕನ್ನಡಕದವರು: ಅದೇ, ಈ ಕಾರ್ಡಿನ ತುದಿಯ ತಗಡಿನ ಪಟ್ಟಿ ಸ್ವಲ್ಪ ಎತ್ತರ. ಪೆಟ್ಟಿಗೆ ಸ್ವಲ್ಪ ಗಿಡ್ಡ. ಮುಚ್ಚಳ ಇಲ್ಲದೇನೇ ಇಡೋಣ ಬಿಡು, ಗಾಳಿ ಆಡುತ್ತೆ.

ಓದಕ್ಕ: ಗಾಳಿ ಆಡುತ್ತೆ, ಧೂಳು ಆಡುತ್ತೆ, ಜಿರಳೆ ಸಂಸಾರ ಸಮೇತ ಬಂದು ಆಡುತ್ತೆ.

ಕನ್ನಡಕದವರು: ಬರೋದಿಲ್ಲ ಕಣೇ. ಇದು ನಡೆಯೋಕೆ ಶುರುವಾದ್ಮೇಲೆ ಮುಟ್ಟಿ ನೋಡು, ಎಷ್ಟು ಬಿಸಿ ಇರುತ್ತೆ!

ಹೇಳಿ ನಾಲಿಗೆ ಕಚ್ಚಿಕೊಂಡರು. ಆದರೆ ಓದಕ್ಕನಿಗೆ ಆ ಅವಕಾಶ ಬಳಸಿಕೊಳ್ಳಲಾಗಲಿಲ್ಲ. ಬಾಯಿ ತೆರೆದಳು, ಒಂದು ಕೀಚು ಶಬ್ದ ಬಂತು, ಆಮೇಲೆ ಬರೀ ಗಾಳಿ. ಗಂಟಲು ಪೂರ್ತಿ ಕೂತುಬಿಟ್ಟಿತ್ತು.

ಕನ್ನಡಕದವರ ಮುಖ ಇಳಿಯಿತು. ಹೆಂಡತಿ ಮಾತಾಡುವಾಗ ವಾದಕ್ಕಿಳಿಯುವುದು ಅವರಿಗೆ ಖುಷಿಯ ಕೆಲಸ. ಮಾತಿಲ್ಲದ ಓದಕ್ಕನನ್ನು ನೋಡುವುದು ಬೇರೆ. ಅವಳು ಓದುತ್ತಿದ್ದ ಕಾದಂಬರಿಯಲ್ಲಿ ಇನ್ನು ಕೆಲವೇ ಅಧ್ಯಾಯ ಬಾಕಿ. ಕೇಳುಗರು ದಿನಾ ಫೋನ್ ಮಾಡಿ, ಆ ದೋಣಿ ನಡೆಸುವ ಮುದುಕನಿಗೆ ಏನಾಯಿತು ಎಂದು ಕೇಳುತ್ತಿದ್ದರು. ಅದಕ್ಕೆ ಬೇಕಿದ್ದ ಎರಡೂ, ಗಂಟಲೂ ಸರ್ವರೂ, ಒಟ್ಟಿಗೆ ಮೇಜಿನ ಮುಂದೆ ಮೂಕವಾಗಿ ಕೂತಿದ್ದವು. ಅವರು ಹೋಗಿ ನೀರು ಕಾಯಿಸಿ ತಂದುಕೊಟ್ಟರು.

ಮಾರನೆಯ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಹೊರಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ, ನರೆತ ತಲೆಯ, ನೆಟ್ಟಗೆ ನಿಂತ ಒಬ್ಬರು.

ಬಂದವರು: ನಮಸ್ಕಾರ ಸಾರ್. ಈ ಮನೇಲಿ ಸರ್ವರ್ ಬೇಕು ಅಂತ ಗೊತ್ತಾಯ್ತು.

ಕನ್ನಡಕದವರ ಮುಖ ಅರಳಿತು. "ಇನ್ನೂ ಒಳ್ಳೇ ಸರ್ವರ್ ಯಾರಾದರೂ ಮಾರೋಕೆ ಬಂದ್ರೆ ನಿಮ್ಮ ಕಡೆ ಕಳಿಸ್ತೀನಿ" ಎಂದು ಆ ಹಳೇ ಸಾಮಾನಿನ ಅಂಗಡಿಯವನು ಹೇಳಿದ್ದ.

ಕನ್ನಡಕದವರು: ಬನ್ನಿ, ಬನ್ನಿ! ಇಷ್ಟು ಬೇಗ ಬರ್ತೀರಿ ಅಂದ್ಕೊಂಡಿರಲಿಲ್ಲ. ತಂದಿದ್ದೀರಾ?

ಬಂದವರು: ಪೂರ್ತಿ ರೆಡಿಯಾಗೇ ಬಂದಿದ್ದೀನಿ ಸಾರ್.

ಕನ್ನಡಕದವರು ಅವರ ಬೆನ್ನ ಹಿಂದೆ ಇಣುಕಿ, ಬೀದಿಯಲ್ಲಿ ಗಾಡಿ ಏನಾದರೂ ನಿಂತಿದೆಯೋ ನೋಡಿ, ಕಾಣದೆ ಒಳಗೆ ಕರೆದರು. ಓದಕ್ಕ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು.

ಕನ್ನಡಕದವರು: ಮೊದಲು ಎಲ್ಲಿ ಕೆಲಸ?

ಬಂದವರು: ದೊಡ್ಡ ಹೋಟೆಲಲ್ಲಿ ಸಾರ್. ಈಗ ಮುಚ್ಚಿಬಿಟ್ರು.

ಕನ್ನಡಕದವರು: ಹೋಟೆಲ್ ಸರ್ವರ್! ಹಾಗಾದ್ರೆ ಲೋಡ್ ಜೋರಾಗೇ ಇದ್ದಿರಬೇಕು.

ಬಂದವರು: ಒಂದು ಕೈಮೇಲೆ ಆರು ತಟ್ಟೆ ಸಾರ್.

ಕನ್ನಡಕದವರು: ಆರು ಡಿಸ್ಕು! ಒಂದು ಹೋದರೆ?

ಬಂದವರು: ಒಂದು ಬಿದ್ದರೂ ಉಳಿದ ಐದು ಅಲ್ಲಾಡೋದಿಲ್ಲ.

ಕನ್ನಡಕದವರು: ಕೇಳಿದ್ಯೇನೇ? ಇದಪ್ಪಾ ಸರ್ವರ್ ಅಂದ್ರೆ!

ಓದಕ್ಕನ ಹುಬ್ಬು ಮೇಲೇರಿತು. ಅವಳಿಗೆ ನಿನ್ನೆ ಟವೆಲ್ ಹೊತ್ತು ಹೋದ ಅತ್ತೆಯ ಬೆನ್ನು ನೆನಪಾಯಿತು. ಎದ್ದು ನಿಂತು ಎರಡೂ ಕೈ ಬೀಸಿದಳು.

ಕನ್ನಡಕದವರು: ಗೊತ್ತು, ಗೊತ್ತು, ಫ್ಯಾನು ತಾನೇ? ಕೇಳ್ತೀನಿ ಇರು. ಬಿಸಿ ಹೇಗೆ?

ಬಂದವರು: ನಮ್ಮಲ್ಲಿ ಎಲ್ಲ ಬಿಸಿಬಿಸಿನೇ ಸಾರ್. ತಣ್ಣಗಾಗಿದೆ ಅಂತ ಒಬ್ಬರ ಬಾಯಲ್ಲೂ ಬಂದಿಲ್ಲ.

ಕನ್ನಡಕದವರು: ಅಲ್ಲೇ ಸ್ವಲ್ಪ ತೊಂದರೆ. ಒಂದೇ ಸಲ ಹತ್ತಾರು ಜನ ಕೇಳಿದ್ರೆ ಹ್ಯಾಂಗ್ ಆಗೋದಿಲ್ಲ ತಾನೇ?

ಬಂದವರು: ಇಡೀ ಊಟದ ಹಾಲ್‌ನವರು ಒಟ್ಟಿಗೆ ಕೂಗಿದ್ರೂ ಯಾರಿಗೆ ಏನು ಅಂತ ತಪ್ಪಿಲ್ಲ ಸಾರ್. ಮೂವತ್ತು ವರ್ಷದ ಸರ್ವೀಸು.

ಕನ್ನಡಕದವರು: ಮೂವತ್ತು ವರ್ಷ! ಆಗಿನ ಸಾಮಾನೇ ಬೇರೆ ಬಿಡಿ.

ಬಂದವರು: ಸಾಮಾನು?

ಓದಕ್ಕ ಗಂಡನ ಅಂಗಿ ಹಿಡಿದು ಜಗ್ಗಿದಳು. ಏನೋ ಹೇಳಹೋದಳು, ನಗು ಮೊದಲು ಬಂತು, ಗಂಟಲಿಲ್ಲದ ನಗು, ಕಣ್ಣಲ್ಲಿ ನೀರು. ಅವರು ಅದನ್ನು ಸಂತೋಷವೆಂದೇ ತಿಳಿದರು.

ಕನ್ನಡಕದವರು: ನಮ್ಮ ಮನೆಯವಳಿಗೂ ಒಪ್ಪಿಗೆ. ಆದರೂ ನೋಡದೆ ತಗೊಳ್ಳೋದು ಸರಿಯಲ್ಲ. ಸ್ವಲ್ಪ ಮೇಲಿನದು ಬಿಚ್ಚಿ ತೋರಿಸ್ತೀರಾ?

ಬಂದವರು: ಮೇಲಿನದಾ?

ಕನ್ನಡಕದವರು: ಹೂಂ. ಒಳಗೆ ಎಷ್ಟು ಧೂಳಿದೆ, ಹಿಂಭಾಗದಲ್ಲಿ ಎಷ್ಟು ತೂತಿದೆ, ನೋಡಬೇಕಲ್ಲ?

ಬಂದವರು ಅಂಗಿಯ ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಬಂದವರು: ಸಾರ್, ಎಷ್ಟೋ ಕಡೆ ಕೆಲಸ ಕೇಳಿದ್ದೀನಿ. ಈ ತರಹದ ಇಂಟರ್‌ವ್ಯೂ ಎಲ್ಲೂ ನೋಡಿಲ್ಲ.

ಆ ಹೊತ್ತಿಗೆ ಒಳಗಿಂದ ಅತ್ತೆ ಬಂದರು.

ಅತ್ತೆ: ಓ, ಬಂದ್ರಾ? ಟೈಲರಮ್ಮ ಕಳಿಸಿದ್ದು ನಿಮ್ಮನ್ನೇ ತಾನೇ? ಮಗ, ಇವರನ್ನು ಆ ಗೂಡಲ್ಲಿ ಅಡ್ಡ ಮಲಗಿಸಿದ್ರೆ ನಾನು ಸುಮ್ಮನಿರೋದಿಲ್ಲ. ಡ್ರೈವರ್ ಯಾವಾಗ ಬರ್ತಾನೆ?

ಕನ್ನಡಕದವರು ಅಮ್ಮನನ್ನು ನೋಡಿದರು, ಬಂದವರನ್ನು ನೋಡಿದರು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿ ಮಲಗಿದ್ದ ಸರ್ವರನ್ನು ನೋಡಿದರು. ಹೆಂಡತಿಯನ್ನು ಮಾತ್ರ ನೋಡಲಿಲ್ಲ.

ವಿಷಯ ಬಿಡಿಸಿ ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬಂದವರು ಪೂರ್ತಿ ಕೇಳಿದರು. ನಗಬೇಕಾದ ಕಡೆ ಮರ್ಯಾದೆಗೆ ನಕ್ಕರು. ಆದರೆ ನಕ್ಕ ಮೇಲೆ ಅವರ ಹೆಗಲು ಸ್ವಲ್ಪ ಇಳಿದದ್ದು ಓದಕ್ಕನ ಕಣ್ಣಿಗೆ ಬಿತ್ತು. ಆ ಅಂಗಿಯನ್ನು ಇವತ್ತಿಗಾಗಿಯೇ ಇಸ್ತ್ರಿ ಮಾಡಿಕೊಂಡು ಬಂದಿದ್ದಾರೆ. ಅವಳು ಕುರ್ಚಿ ಎಳೆದು ತೋರಿಸಿ, ಕೂರಿ ಎಂದು ಸನ್ನೆ ಮಾಡಿ, ಕಾಫಿಗೆ ಒಳಗೆ ಹೋದಳು.

ಅತ್ತೆ: ತಪ್ಪು ನನ್ನದೇ ಅಲ್ಲ, ಇಂಥ ಹೆಸರಿಟ್ಟೋರದ್ದು. ಬೇಜಾರು ಮಾಡ್ಕೋಬೇಡಿ. ಅಷ್ಟು ದೊಡ್ಡ ಹೋಟೆಲಲ್ಲಿ ಏನೇನು ಸಿಗ್ತಿತ್ತು?

ಬಂದವರು ಕುರ್ಚಿಯಿಂದ ಎದ್ದರು. ಬಹುಶಃ ಕೂತು ಹೇಳಿ ಅಭ್ಯಾಸವಿರಲಿಲ್ಲ. ಕೈ ಹಿಂದೆ ಕಟ್ಟಿ, ಬಿಸಿಯದ್ದು, ತಣ್ಣಗಿನದ್ದು, ಸಿಹಿ, ಖಾರ, ಮಕ್ಕಳಿಗೆ ಆಗುವಂಥದ್ದು, ಹಲ್ಲಿಲ್ಲದವರಿಗೆ ಆಗುವಂಥದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಒಂದು ಪದದ ಬಾಲ ಇನ್ನೊಂದರ ತಲೆಗೆ ತಾಗಲಿಲ್ಲ. ಕೊನೆಯ ಅಕ್ಷರ ಕೂಡ ಅತ್ತೆಯ ಕಿವಿಗೆ ಹೋಗಿ ಬಿತ್ತು.

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಓದಕ್ಕ ಒಲೆ ಆರಿಸಿ, ಕಾಫಿ ಮರೆತು, ಮುಗಿಯದೆ ಉಳಿದ ಕಾದಂಬರಿ ಹಿಡಿದು ಓಡಿಬಂದಳು. ಪುಟ ತೆರೆದು ಅವರ ಮುಂದೆ ಹಿಡಿದಳು.

ಬಂದವರು: ಇದು ಮೆನು ಅಲ್ಲಮ್ಮ.

ಓದಕ್ಕ: (ಪಿಸುಗುಟ್ಟುತ್ತಾ) ಗೊತ್ತು. ಓದಿ.

ಅವರು ಓದಿದರು. ಮುದುಕ ದೋಣಿಗೆ ಹುಟ್ಟು ಹಾಕುವ ಜಾಗ. ಅವಸರವಿಲ್ಲ, ನಾಟಕವಿಲ್ಲ. ಬಿಸಿ ಲೋಟವನ್ನು ಚೆಲ್ಲದಂತೆ ಮುಂದಿಡುವವರ ಹಾಗೆ ಒಂದೊಂದು ವಾಕ್ಯವನ್ನೂ ತಂದು ಇಟ್ಟರು. ಪುಟ ಮುಗಿದಾಗ ಅತ್ತೆ "ಆಮೇಲೆ?" ಎಂದರು.

ಓದಕ್ಕ ಗಂಡನ ಕಡೆ ತಿರುಗಿ, ಇದ್ದಬದ್ದ ಗಾಳಿಯನ್ನೆಲ್ಲ ಕೂಡಿಸಿ ಹೇಳಿದಳು.

ಓದಕ್ಕ: ಇವರು ಓದ್ತಾರೆ. ಈಗಲೇ. ಸರ್ವರ್ ಸಂಜೆಯೊಳಗೆ ನಡೀಬೇಕು.

ಕನ್ನಡಕದವರು: ಸಂಜೆಯೊಳಗೆ ಹೇಗಾಗುತ್ತೆ? ದೊಡ್ಡ ಕಾರ್ಡಿನ ಡ್ರೈವರ್ ಇನ್ನೂ...

ಓದಕ್ಕ ನೋಡಿದಳು. ಬರೀ ನೋಡಿದಳು. ಮದುವೆಯಾದಂದಿನಿಂದ ಅವಳು ಆಡಿದ ಎಲ್ಲ ಮಾತಿಗಿಂತ ಆ ನೋಟ ಸ್ಪಷ್ಟವಾಗಿತ್ತು.

ಕನ್ನಡಕದವರು ದೊಡ್ಡ ಕಾರ್ಡನ್ನು ಕಿತ್ತರು. ಅದರ ಹಲ್ಲುಗಳನ್ನೊಮ್ಮೆ ಸವರಿ, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಡಬ್ಬಿಗಿಟ್ಟರು. ಚಿಕ್ಕ ಕಾರ್ಡನ್ನು ತಳ್ಳಿದರು. ಟಕ್ ಎಂದು ಕೂತಿತು. ಮುಚ್ಚಳವೂ ಕೂತಿತು. ಪೆಟ್ಟಿಗೆಯನ್ನು ಗೂಡಿಗೆ ಒಯ್ದು ಅಡ್ಡ ಮಲಗಿಸಿ, ತಂತಿ ಸಿಕ್ಕಿಸಿ ಸ್ವಿಚ್ ಒತ್ತಿದರು. ಮೂಲೆಯಲ್ಲಿ ಹಸಿರು ದೀಪವೊಂದು ಮಿನುಗಿತು.

ಅತ್ತೆ: ಡ್ರೈವರ್?

ಕನ್ನಡಕದವರು: ಒಳಗೇ ಇದೆಯಮ್ಮ.

ಅತ್ತೆ: ನಾನು ಇನ್ನು ಈ ಮನೇಲಿ ಏನೂ ಕೇಳೋದಿಲ್ಲಪ್ಪ.

ಓದಕ್ಕನ ಲ್ಯಾಪ್‌ಟಾಪು ಕರಕರ ಅನ್ನುತ್ತಲೇ ಅಷ್ಟು ದಿನದ ಓದನ್ನೆಲ್ಲ ಗೋಡೆಯಾಚೆ ಸಾಗಿಸಿತು. ಇನ್ನೂ ಬಹಳ ಹೊತ್ತು ಬೇಕೆಂದು ಕನ್ನಡಕದವರು ಪೇಪರ್ ಹಿಡಿದು ಕೂತಿದ್ದರು. ಮೊದಲ ಪುಟ ತಿರುವುವ ಮೊದಲೇ ಮುಗಿದಿತ್ತು. ಅವರು ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿ ಮುಖ ಮರೆಮಾಡಿಕೊಂಡರು.

ಓದಕ್ಕ: (ಪಿಸುಗುಟ್ಟುತ್ತಾ) ಏನಂದ್ರಿ?

ಕನ್ನಡಕದವರು: ನಾನೇನೂ ಅನ್ನಲಿಲ್ಲ.

ಓದಕ್ಕ: ಅದೇ ಕೇಳಿಸಿತು.

ಸಂಜೆಗೆ ಓದಿನ ಕೋಣೆಯಲ್ಲಿ ಹೊಸ ಓದುಗರು ಮೈಕಿನ ಮುಂದೆ ನಿಂತೇ ಓದಿದರು. ಕೂರಲು ಒಪ್ಪಲಿಲ್ಲ. ಅದು ಮುದುಕ ಸಾಯುವ ಅಧ್ಯಾಯ. ದೋಣಿ ದಡ ಮುಟ್ಟಿತು, ಮುದುಕನ ಕೈಯಿಂದ ಹುಟ್ಟು ಜಾರಿತು, ನೀರು ಮಾತ್ರ ಅಲ್ಲಾಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಓದುಗರು ಪುಸ್ತಕ ಮುಚ್ಚಿ, ತಲೆ ಸ್ವಲ್ಪ ಬಾಗಿಸಿ, ಮೂವತ್ತು ವರ್ಷದ ಅಭ್ಯಾಸದಿಂದ ಹೇಳಿದರು: "ಮತ್ತೇನು ಬೇಕು?"

ಓದಕ್ಕ ಆ ತುಂಡನ್ನು ಕತ್ತರಿಸಬೇಕು ಅಂದುಕೊಂಡಳು. ಆದರೆ ಕನ್ನಡಕದವರು ಹೊಸ ಕಾರ್ಡಿನ ಉತ್ಸಾಹದಲ್ಲಿ ಅಷ್ಟರೊಳಗೇ ಅಧ್ಯಾಯವನ್ನು ಸರ್ವರಿಗೆ ಸೇರಿಸಿ, ಕೇಳುಗರಿಗೆಲ್ಲ ಬಿಟ್ಟೂ ಆಗಿತ್ತು.

ಮರುದಿನ ಮೊದಲ ಫೋನು ಬಂತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದ ಹಿರಿಯ ಹೆಂಗಸು. ಒಂದು ಉಸಿರು ತಪ್ಪಿದರೂ ಹಿಡಿಯುವ ಕಿವಿ ಅವರದು. ಓದಕ್ಕ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಬೈಸಿಕೊಳ್ಳಲು ತಯಾರಾಗಿ ಕೂತಳು. ಹೊಸ ಓದುಗರು ಪಕ್ಕದಲ್ಲಿ ಬೆವರುತ್ತಾ ನಿಂತಿದ್ದರು.

ಹಿರಿಯ ಹೆಂಗಸು: ನಿನ್ನೆಯದು ಕೇಳಿದೆ ಕಣಮ್ಮ. ಅತ್ತುಬಿಟ್ಟೆ. ಕೊನೆಗೆ ಆ ಪುಣ್ಯಾತ್ಮರು ಏನೋ ಕೇಳಿದ್ರಲ್ಲ...

ಓದಕ್ಕ: (ಒಡಕು ದನಿಯಲ್ಲಿ) ಅದು ತಪ್ಪಾಗಿ ಸೇರ್ಕೊಂಡಿದೆ, ತೆಗೆದುಬಿಡ್ತೀನಿ...

ಹಿರಿಯ ಹೆಂಗಸು: ತೆಗೆದೀಯೆ, ಜೋಕೆ! ಜೀವಮಾನವೆಲ್ಲ ಪುಸ್ತಕ ಕೇಳಿದ್ದೀನಿ. ಪ್ರತಿಯೊಂದೂ ತಾನು ಹೇಳೋದು ಹೇಳಿ ಎದ್ದು ಹೋಗುತ್ತೆ. ನಿನಗೇನು ಬೇಕು ಅಂತ ನನ್ನನ್ನು ಕೇಳಿದ್ದು ಇದೊಂದೇ.

ಓದಕ್ಕ: ನೀವೇನಂದ್ರಿ?

ಹಿರಿಯ ಹೆಂಗಸು: ಅನ್ನೋದೇನು? ಕೇಳಿದ್ಮೇಲೆ ಹೇಳಲೇಬೇಕಲ್ಲ. ಆ ಮುದುಕ ಬೇಕು, ಜೀವಂತ ಬೇಕು ಅಂದೆ.

ಓದಕ್ಕ ಪಕ್ಕಕ್ಕೆ ನೋಡಿದಳು. ಹೊಸ ಓದುಗರು ಬೆವರು ಒರೆಸಿಕೊಂಡು, ಅಂಗಿಯ ಕೈ ಸರಿಮಾಡಿಕೊಂಡು, ಫೋನಿನ ಕಡೆ ವಿನಯದಿಂದ ಬಾಗಿದರು.

"ಅದು ಖಾಲಿಯಾಗಿದೆ ಅಮ್ಮ. ಬೇರೆ ಏನಾದ್ರೂ ಹೇಳಿ."